ಈಸ್ಟರ್ ಸೋಮವಾರ ಒದ್ದೆಯಾಗದ ಹುಡುಗಿ

ತುಂಬಿದ ಬಕೆಟ್ ಹಿಡಿದು ಆಕೋಶ್ ಅಂಗಳಕ್ಕೆ ಬಂದಾಗ ಹೆಡ್ವಿಕಾ ಬಾವಿಯ ಪಕ್ಕದಲ್ಲೇ ನಿಂತಿದ್ದಳು. ಬೇಕೆಂದೇ ಹಳೆಯ ಫ್ರಾಕ್ ತೊಟ್ಟು, ಕೂದಲು ಬಿಚ್ಚಿಕೊಂಡು!

ಕಣ್ಣಿಗೆ ಕಣ್ಣು ಕೂಡಿತು. ಅವಳು ಮನಸ್ಸಿನಲ್ಲೇ ಬೇಡಿಕೊಂಡಳು:

'ಸುರಿದುಬಿಡು ಆಕೋಶ್... ಪೂರ್ತಿ ಸುರಿದುಬಿಡು!'

ಅವನು ಒಂದು ಕ್ಷಣ ತಡೆದ. ಆಮೇಲೆ ತಲೆ ತಗ್ಗಿಸಿಕೊಂಡು ಹೋಗಿ ಅಷ್ಟೂ ನೀರನ್ನು ಈರುಳ್ಳಿ ಮಡಿಗೆ ಸುರಿದ.

ಈಸ್ಟರ್ ಸೋಮವಾರ! ಹಂಗೆರಿಯ ಆ ಹಳ್ಳಿಯಲ್ಲಿ ಮಧ್ಯಾಹ್ನ ಹನ್ನೆರಡರೊಳಗೆ ಗಂಡಸರು ತಮ್ಮವರೆನ್ನುವ ಹೆಣ್ಣುಮಕ್ಕಳಿಗೆಲ್ಲ ನೀರೆರಚಬೇಕು. ಎರಚಿಸಿಕೊಳ್ಳದವಳು ವರ್ಷವಿಡೀ ಬಾಡುತ್ತಾಳಂತೆ. ಪಕ್ಕದ ಮನೆಯ ಎಪ್ಪತ್ತರ ಮುದುಕಿಯೂ ಆಗಲೇ ತೊಪ್ಪೆಯಾಗಿದ್ದಳು. ಹುಡುಗಿಯರಲ್ಲಿ ಒಣಗಿ ನಿಂತವಳು ಆಕೋಶ್‌ನ ಉಂಗುರ ತೊಟ್ಟಿದ್ದ ಹೆಡ್ವಿಕಾ ಒಬ್ಬಳೇ.

ಅಂದರೆ... ಅವನಿಗೆ ನಾನು ಬೇಡ!

ಒಂಬತ್ತೂವರೆಗೆ ಕಾರು ಹೊರಟಿತು. ಆಕೋಶ್ ಓಡಿಸುತ್ತಿದ್ದ, ಪಕ್ಕದಲ್ಲಿ ಹೆಡ್ವಿಕಾಳ ಅಪ್ಪ, ಹಿಂದೆ ಅವಳು ಮತ್ತು ಅಜ್ಜಿ. ಹಬ್ಬಕ್ಕೆಂದು ಬೀಗರ ಮನೆಗೆ ಬಂದವರು ಈಗ ಜೆಕ್ ದೇಶದ ಮೊರಾವಿಯಾದಲ್ಲಿದ್ದ ತಮ್ಮೂರಿಗೆ ಮರಳುತ್ತಿದ್ದರು. ಸಂಜೆ ನೆಂಟರ ಮುಂದೆ ಅಪ್ಪ ಮದುವೆಯ ದಿನ ಹೇಳುವವರಿದ್ದರು.

ಹೇಳಲು ಬಿಡಬೇಕೋ, ಉಂಗುರ ಬಿಚ್ಚಿ ಕೊಡಬೇಕೋ? ಹನ್ನೆರಡರವರೆಗೆ ನೋಡೋಣ ಎಂದು ಹೆಡ್ವಿಕಾ ಹಲ್ಲು ಕಚ್ಚಿ ಕೂತಳು. ನೀರೆರಚಿದ ಮೇಲೆ ಅವನಿಗೆ ಕೊಡಲೆಂದೇ ಬಣ್ಣ ಬರೆದ ಮೊಟ್ಟೆ ಅವಳ ಮಡಿಲಲ್ಲಿತ್ತು.

ದಾರಿಯಲ್ಲಿ, ಸ್ಲೊವಾಕಿಯಾದ ಬ್ರಾಟಿಸ್ಲಾವಾ ಹತ್ತಿರ ಗಾಡಿಗಳು ಸಾಲುಗಟ್ಟಿ ನಿಂತವು. ಆಕೋಶ್ ಗಡಿಯಾರ ನೋಡಿದ, ಹಾರ್ನ್ ಒತ್ತಿದ, ಮತ್ತೆ ಗಡಿಯಾರ ನೋಡಿದ.

"ಏನಪ್ಪಾ, ನಮ್ಮನ್ನ ಮನೆಗೆ ಎಸೆದು ಕೈ ತೊಳ್ಕೊಳ್ಳೋ ಅವಸರಾನಾ?" ಅಜ್ಜಿ ಕುಟುಕಿದಳು.

"ಹನ್ನೆರಡರೊಳಗೆ ಗಡಿ ದಾಟ್ಬೇಕು ಅಜ್ಜಿ."

"ದಾಟಿ ಏನು ಕಡಿದು ಕಟ್ಟೆ ಹಾಕ್ತೀಯಾ?"

ಅವನ ಕಿವಿ ಕೆಂಪಾಯಿತು. ಮತ್ತೆ ಹಾರ್ನ್ ಒತ್ತಿದ. ಅಜ್ಜಿ ಡಬ್ಬಿ ತೆಗೆದು ಎಲ್ಲರಿಗೂ ಬ್ರೆಡ್ಡಿನ ನಡುವೆ ಕರಿದ ಮಾಂಸವಿಟ್ಟು ಕೊಟ್ಟಳು. ಆಕೋಶ್‌ಗೆ ಬರೀ ಬ್ರೆಡ್!

ಹನ್ನೊಂದೂ ಐವತ್ತು. ಗಡಿ ಇನ್ನೂ ದೂರವಿತ್ತು. ಹೆಡ್ವಿಕಾಳಿಗೆ ಇನ್ನು ತಡೆಯಲಾಗಲಿಲ್ಲ.

"ಕಾರು ನಿಲ್ಸು!"

ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಂತಿತು. ಕೆಳಗಿಳಿದವಳೇ ಉಂಗುರ ಕಿತ್ತು ಅವನ ಮುಂದೆ ಹಿಡಿದಳು.

"ತಗೋ! ಈರುಳ್ಳಿಗಿರೋ ಬೆಲೆ ನನಗಿಲ್ಲ ಅಂತ ಬೆಳಗ್ಗೇನೇ ಗೊತ್ತಾಯ್ತು!"

"ಅಯ್ಯೋ ದೇವರೇ... ಹೆಡಾ!"

ಆಕೋಶ್ ಓಡಿಹೋಗಿ ಡಿಕ್ಕಿ ತೆರೆದ. ಅಜ್ಜಿಯ ಪೆಟ್ಟಿಗೆಯ ಅಡಿಯಿಂದ ಏನೋ ಎಳೆದ. ವಿಲ್ಲೋ ಮರದ ಎಳೆ ಕಡ್ಡಿಗಳನ್ನು ಜಡೆಯಂತೆ ಹೆಣೆದು, ತುದಿಗೆ ರಿಬ್ಬನ್ ಕಟ್ಟಿದ ಚಾಟಿ. ನಡುವೆ ಮುರಿದು ನೇತಾಡುತ್ತಿತ್ತು!

"ನಿಮ್ಮೂರಲ್ಲಿ ಇವತ್ತು ಮಧ್ಯಾಹ್ನದೊಳಗೆ ಹುಡುಗೀರಿಗೆ ಇದರಿಂದ ತಾನೇ ಮೆಲ್ಲಗೆ ಹೊಡೆಯೋದು? ನೀರು ಸುರಿದ್ರೆ ನಿಮ್ಮೋರಿಗೆ ಅವಮಾನ ಆಗುತ್ತೇನೋ ಅಂದ್ಕೊಂಡೆ... ನಿಮ್ಮ ನೆಲದಲ್ಲೇ, ನಿಮ್ಮ ಪದ್ಧತೀಲೇ ಮಾಡೋಣ ಅಂತ... ಮೂರು ದಿನ ಕದ್ದು ಹೆಣೆದೆ. ಬೆಳಗ್ಗೆ ನಿನ್ನ ನೋಡಿ ಕೈ ತಡ್ಕೊಳ್ಳೋಕೆ ಎಷ್ಟು ಕಷ್ಟ ಆಯ್ತು ಗೊತ್ತಾ?"

ಹೆಡ್ವಿಕಾ ಚಾಟಿಯ ರಿಬ್ಬನ್ ಮುಟ್ಟಿದಳು.

"ನಾನು ನಿಮ್ಮ ಪದ್ಧತಿ ಅಂತ ಐದು ಗಂಟೆಗೇ ಬಾವಿ ಹತ್ರ ನಿಂತಿದ್ನಲ್ಲೋ... ಪೆದ್ದ!"

"ನಾಲ್ಕೇ ನಿಮಿಷ ಇದೆ!" ಅಪ್ಪ ಕಿಟಕಿಯಿಂದ ಕೂಗಿದರು.

ಅಜ್ಜಿ ಕುಂಟುತ್ತಾ ಇಳಿದು ಬಂದಳು. ಮುರಿದ ಚಾಟಿ ನೋಡಿದಳು, ತನ್ನ ಪೆಟ್ಟಿಗೆ ನೋಡಿದಳು. ಸದ್ದಿಲ್ಲದೆ ದೊಡ್ಡ ನೀರಿನ ಬಾಟಲಿ ಆಕೋಶ್ ಕೈಗಿಟ್ಟಳು.

"ಮುಖ ಏನು ನೋಡ್ತೀಯಾ? ಸುರಿ! ಸ್ವಲ್ಪ ನನಗೂ ಉಳಿಸು!"

ಅವನು ಮೊದಲು ಉಂಗುರ ತೊಡಿಸಿದ. ಆಮೇಲೆ ಬಾಟಲಿ ಎತ್ತಿದ.

"ಹಾಕಲಾ, ಹೆಡಾ?"

ಅವಳು ಕಣ್ಣು ಮುಚ್ಚಿ ತಲೆಯಾಡಿಸಿದಳು. ತಣ್ಣೀರು ನೆತ್ತಿಯಿಂದ ಬೆನ್ನಿಗಿಳಿಯಿತು. ನಗುವೂ ಅಳುವೂ ಒಟ್ಟಿಗೇ ಬಂದವು! ಕಾರಿನ ಸೀಟಿನ ಮೇಲಿದ್ದ ಬಣ್ಣದ ಮೊಟ್ಟೆ ತಂದು ಅವನ ಅಂಗೈಯಲ್ಲಿಟ್ಟು, ಆ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

"ಮುಂದಿನ ವರ್ಷ ನಿಮ್ಮೂರಲ್ಲೋ, ನಮ್ಮೂರಲ್ಲೋ?" ಅವನು ಪಿಸುಗುಟ್ಟಿದ.

"ಎಲ್ಲೇ ಆಗ್ಲಿ ಕಣೋ... ಈರುಳ್ಳಿಗಿಂತ ಮೊದಲು ನನಗೆ!"