ಅಬ್ಬಾನ ಕಾಲಿನ ತೂಕ

“ಕಾಲು ತೆಗೀರಿ,” ಎಂದ ನಯಾಜ್.

“ತೆಗದೀನಿ,” ಎಂದಳು ಸುಹಾನಾ.

ಅವನು ಬಗ್ಗಿ ನೋಡಿದ. ಅವಳು ಎರಡೂ ಪಾದಗಳನ್ನು ಸೀಟಿನ ಬುಡಕ್ಕೆ ಎಳೆದುಕೊಂಡಿದ್ದಳು. ಕ್ಲಚ್ ಪೆಡಲ್ ಮಾತ್ರ ನೆಲಕ್ಕೆ ಅಂಟಿಕೊಂಡೇ ಇತ್ತು... ಕಾಣದ ಕಾಲೊಂದು ಒತ್ತಿ ಹಿಡಿದ ಹಾಗೆ.

ಕುರುಗೋಡಿನ ಹೊರಗೆ, ಬಂಡೆಗುಡ್ಡದ ಬುಡ. ಮಧ್ಯಾಹ್ನ ಒಂದು ಗಂಟೆ. ರಸ್ತೆಯಲ್ಲಿ ಅವಳ ಕಾರು, ಅವನ ಜೀಪು ಬಿಟ್ಟರೆ ಇನ್ನೊಂದು ಗಾಡಿ ಇಲ್ಲ, ಹಕ್ಕಿಯ ಸದ್ದೂ ಇಲ್ಲ.

ಮೆಕ್ಯಾನಿಕ್ ಬೇಕೆಂದು ಅವಳು ಕುರುಗೋಡಿನ ಬಟ್ಟೆ ಅಂಗಡಿಯ ಹುಲುಗೇಶ್‌ಗೆ ಫೋನ್ ಮಾಡಿದ್ದಳು. ಅವನು ಸಿರುಗುಪ್ಪದ ನಯಾಜ್‌ನನ್ನೇ ಕಳಿಸಿಬಿಟ್ಟಿದ್ದ!

ನಾಲ್ಕು ತಿಂಗಳ ಹಿಂದೆ ನಯಾಜ್‌ನ ಮನೆಯವರು ಹೆಣ್ಣು ಕೇಳಲು ಬಳ್ಳಾರಿಗೆ ಬಂದಿದ್ದರು. ಸುಹಾನಾಳ ಅಬ್ಬಾ ಗೌಸಸಾಬ್ “ಯೋಚ್ನಿ ಮಾಡಿ ಹೇಳ್ತೀನಿ” ಎಂದಿದ್ದರು. ಹೇಳುವ ಮೊದಲೇ ತೀರಿಕೊಂಡರು. ಹೋದ ತಿಂಗಳು ಸುಹಾನಾ ಒಂದೇ ಸಾಲಿನ ಮೆಸೇಜು ಕಳಿಸಿದ್ದಳು. ‘ಅಬ್ಬಾಗೆ ಇಷ್ಟ ಇಲ್ಲ.’

“ನಾ ಬ್ಯಾಡಾಗಿದ್ರ, ಬ್ಯಾಡ ಅಂತ ನೀವೇ ಅನ್ನಬೇಕಿತ್ತು. ತೀರಿಹೋದವ್ರ ಹೆಸರು ಯಾಕ ತಂದ್ರಿ?” ಎಂದು ಕೇಳಿದ ನಯಾಜ್.

“ಸುಳ್ಳಲ್ರಿ. ಅಬ್ಬಾನೇ ತಡೀತಾರ.”

“ಹೆಂಗ?”

“ನಿಮ್ಮನ್ನ ನೋಡಾಕ ಅಂತ ಎರಡು ಸಲ ಹೊಂಟೆ. ಎರಡೂ ಸಲ ಇಲ್ಲೇ ಪೆಡಲ್ ಕೆಳಗ ಹೋಗಿ ಕೂತ್ತು. ಇವತ್ತು ಮೂರನೇದು. ಇವತ್ತೂ ನಿಂತ್ರ ಮುಗೀತು, ಮತ್ತ ಬರಲ್ಲ ಅನ್ಕೊಂಡಿದ್ದೆ.”

ಅವಳು ಪೆಡಲ್ಲಿನ ರಬ್ಬರ್ ತೋರಿಸಿದಳು. ಅದರ ಎಡಮೂಲೆ ಸವೆದು ನುಣ್ಣಗಾಗಿತ್ತು. “ಅಬ್ಬಾ ಯಾವಾಗ್ಲೂ ಎಡಗಾಲು ಇದರ ಮ್ಯಾಲೇ ಇಟ್ಟು ಓಡಿಸ್ತಿದ್ರು. ಇದು ಅವರ ಕಾಲು. ನನಗ ಗೊತ್ತು.”

ನಯಾಜ್ ನಗಲಿಲ್ಲ. ಪೆಡಲ್ ಅನ್ನು ಕೈಯಿಂದ ಮೇಲೆತ್ತಿ ಬಿಟ್ಟ. ಅದು ನಿಧಾನವಾಗಿ, ಉಸಿರು ಬಿಟ್ಟ ಹಾಗೆ, ಮತ್ತೆ ಕೆಳಗಿಳಿಯಿತು.

ಅವನ ತೋಳಿನ ಕೂದಲು ನಿಮಿರಿದವು.

ಆದರೂ ಟಾರ್ಚ್ ಹಿಡಿದ. ಪೆಡಲ್ಲಿನ ಬುಡ ಒಣಗಿತ್ತು. ಗಾಡಿಯ ಕೆಳಗೆ ತೂರಿ ಗೇರ್‌ಬಾಕ್ಸ್ ನೋಡಿದ. ಅಲ್ಲೂ ಒಂದು ಹನಿ ಸೋರಿರಲಿಲ್ಲ.

“ಇಲ್ಲಿ ನಿಂತ ಮ್ಯಾಲೆ ಏನಾಗ್ತೈತಿ?”

“ಒಂದ್ ತಾಸಿಗೆ ತಾನೇ ಏಳ್ತೈತಿ. ಮುಂದ ಹೋಗಾಕ ಧೈರ್ಯ ಆಗಲ್ಲ, ಸಂಜಿಗೆ ಬಳ್ಳಾರಿಗೆ ವಾಪಸ್ ಹೋಗ್ತೀನಿ. ಆಗ ಏನೂ ಆಗಲ್ಲ. ಮನಿ ಕಡಿ ಹೋದ್ರ ಬಿಡ್ತಾರ...”

“ಸಂಜಿಗೆ,” ಎಂದು ತನ್ನಷ್ಟಕ್ಕೆ ಹೇಳಿಕೊಂಡ ನಯಾಜ್, ಬಾನೆಟ್ ಎತ್ತಿದ. ಸುಹಾನಾ ಇಳಿದು ಪಕ್ಕಕ್ಕೆ ಬಂದಳು.

ಕ್ಲಚ್ ಆಯಿಲ್ ಡಬ್ಬಿ ಕಂಠದವರೆಗೆ ತುಂಬಿತ್ತು. ಮುಚ್ಚಳದೊಳಗಿನ ರಬ್ಬರ್ ನೀರಲ್ಲಿ ನೆನೆದ ರೊಟ್ಟಿಯಂತೆ ಉಬ್ಬಿತ್ತು. ಸಿರಿಂಜಿನಿಂದ ಸ್ವಲ್ಪ ಎಳೆದು ಖಾಲಿ ಬಾಟಲಿಗೆ ಬಿಟ್ಟು ಕಾದ. ಮೆಲ್ಲಗೆ ಎರಡು ಪದರ ಬೇರೆಯಾದವು. ಕೆಳಗೆ ಕಪ್ಪು, ಮೇಲೆ ತಿಳಿ.

“ಇದಕ್ಕ ಆಯಿಲ್ ಹಾಕಿದ್ಯಾರು?”

“ನಾನೇ. ಆಸ್ಪತ್ರಿಯಾಗ ಅಬ್ಬಾ ಹೇಳಿದ ಕಡೇ ಮಾತು. ‘ಕ್ಲಚ್ ಆಯಿಲ್ ನೋಡ್ಕೋಮ್ಮಾ’ ಅಂದ್ರು.”

“ಯಾವ ಆಯಿಲ್ ಹಾಕಿದ್ರಿ?”

“ಮನ್ಯಾಗ ಇತ್ತಲ್ಲ... ಮಿಷನ್ ಆಯಿಲ್.”

ಬಳ್ಳಾರಿಯ ಬ್ರೂಸ್‌ಪೇಟೆಯ ಅವಳ ಮನೆಯಲ್ಲಿ ಜೀನ್ಸ್ ಹೊಲಿಯುವ ಆರು ಮಿಷನ್‌ಗಳಿದ್ದವು. ಆ ಎಣ್ಣೆಗೆ ಅಲ್ಲಿ ಎಂದೂ ಬರವಿರಲಿಲ್ಲ.

ನಯಾಜ್ ಹಣೆ ಒತ್ತಿಕೊಂಡ. “ಇದಕ್ಕ ಹಾಕೋದು ಬ್ರೇಕ್ ಆಯಿಲ್ ರೀ. ಆಯಿಲ್ ಅನ್ನೋದು ಹೆಸರಿಗಷ್ಟೇ, ಅದು ಎಣ್ಣೀನೇ ಅಲ್ಲ. ಎಣ್ಣಿ ತಾಗಿದ್ರ ಒಳಗಿನ ರಬ್ಬರ್ ಉಬ್ಬತಾವು. ಇಲ್ಲಿಗೆ ಬರೋ ಹೊತ್ತಿಗೆ ಇಂಜಿನ್ ಕಾದಿರ್ತೈತಿ, ಮ್ಯಾಲೆ ಈ ಬಿಸಲು. ಉಬ್ಬಿದ್ದು ಬಿಗೀತೈತಿ, ಪೆಡಲ್ ಮ್ಯಾಲೆ ಬರಲ್ಲ. ಇಂಜಿನ್ ಆರಿದ ಮ್ಯಾಲೆ ಸಡ್ಲ ಆಗ್ತೈತಿ, ಸಂಜಿ ತಂಪಿಗೆ ಮತ್ತ ಬಿಗಿಯಲ್ಲ. ಪುಣ್ಯಾ, ಈ ಹಳೇ ಗಾಡಿಗೆ ಬ್ರೇಕಿನ ಡಬ್ಬಿ ಬ್ಯಾರೆ ಐತಿ, ಇಲ್ಲಂದ್ರ ಬ್ರೇಕೂ ಹೋಗ್ತಿತ್ತು.”

ಸುಹಾನಾ ಬಾಟಲಿಯನ್ನೇ ನೋಡುತ್ತಿದ್ದಳು. ಸಮಾಧಾನವಾಗಬೇಕಿತ್ತು. ಆಗಲಿಲ್ಲ.

“ಹಂಗಾರ ಅಬ್ಬಾ... ಇಲ್ಲಿಲ್ಲೇನು?”

ಮೂರು ತಿಂಗಳಿಂದ ತಡೆದಿದ್ದ ಅಳು ಆಗ ಬಂತು. ಅವಳು ಹೆದರಿದ್ದು ನಿಜ. ಆದರೆ ಆ ಕಾಲು ಅಲ್ಲಿರಲಿ ಎಂದು ಬಯಸಿದ್ದೂ ನಿಜ.

ನಯಾಜ್ ಬಾಟಲಿಯ ಮುಚ್ಚಳ ತಿರುಗಿಸಿ ಪಕ್ಕಕ್ಕಿಟ್ಟ.

“ಒಳಗಿನ ರಬ್ಬರ್ ಎಲ್ಲಾ ಬದಲ್ ಮಾಡ್ತೀನಿ. ಪೆಡಲ್ ಮ್ಯಾಲಿಂದು ಮಾತ್ರ ಮುಟ್ಟಲ್ಲ,” ಎಂದ. ಆಮೇಲೆ ಮೆಲ್ಲಗೆ, “ಅಬ್ಬಾ ಬ್ಯಾಡ ಅಂದಿಲ್ಲ. ಹೂಂ ಅಂತಾನೂ ಅಂದಿಲ್ಲ. ಹೇಳಾಕ ಇನ್ನ ಇರೋರು ನೀವೊಬ್ರೇ.”

ಅವಳು ದುಪಟ್ಟಾದಿಂದ ಮುಖ ಒರೆಸಿಕೊಂಡಳು.

“ಹಗ್ಗ ತಂದೀರೇನು?”

“ತಂದೀನಿ.”

“ಹಂಗಾರ ಸಿರುಗುಪ್ಪಕ್ಕ ಎಳ್ಕೊಂಡು ನಡೀರಿ.”

“ರಿಪೇರಿಗೇನ್ರಿ?”

“ರಿಪೇರಿ ಗಾಡಿಗೆ. ನಾ ಬರೋದು ನಿಮ್ಮ ಮನ್ಯಾಗ ಹೂಂ ಅನ್ನಾಕ.”

ಟಕ್.

ಇಬ್ಬರೂ ಒಟ್ಟಿಗೆ ತಿರುಗಿದರು. ತೆರೆದ ಬಾಗಿಲೊಳಗೆ, ಯಾರೂ ಮುಟ್ಟದ ಪೆಡಲ್ ಮೆಲ್ಲಗೆ ಮೇಲೆದ್ದು ತನ್ನ ಜಾಗಕ್ಕೆ ಬಂದು ನಿಂತಿತ್ತು.

“ತಣ್ಣಗಾತು,” ಎಂದ ನಯಾಜ್. ಆದರೂ ಒಂದು ಹೆಜ್ಜೆ ಹಿಂದೆ ಸರಿದ.

ಸುಹಾನಾ ಬಗ್ಗಿ, ಸವೆದ ಎಡಮೂಲೆಯ ಮೇಲೆ ಅಂಗೈ ಇಟ್ಟಳು.

“ಹೌದ್ರಿ... ತಣ್ಣಗಾತು.”