ಬೇರೆ ಕಡೆ ನೋಡ್ಕೊಳ್ಳಿ

"ಆ ಗೋಡೆ ಪಕ್ಕ ಕೂರಬೇಡಿ."

ಕುರ್ಚಿ ಎಳೆದುಕೊಂಡವಳು ಹಾಗೇ ನಿಂತಳು. ಕೂಟಕ್ಕೆ ಬಂದ ಮೊದಲ ದಿನವೇ, ಅದೂ ಮುಖಪರಿಚಯವಿಲ್ಲದ ಗಂಡಸಿನಿಂದ ಅಪ್ಪಣೆ! ಅವಳಿಗೆ ಮೈಯೆಲ್ಲ ಉರಿಯಿತು.

"ಯಾಕೆ, ನಿಮಗೆ ಅಂತ ಕಾದಿರಿಸಿದ್ದಾರಾ?"

"ಇಲ್ಲ. ಆ ಗೋಡೆ ಸರಿಯಿಲ್ಲ."

ಜಗತ್ತಿನಲ್ಲಿ ಕುಸಿಯುತ್ತಿರುವ ನಗರಗಳ ಬಗ್ಗೆ ಬೇರೆ ಬೇರೆ ವಿಭಾಗದ ಅಧ್ಯಾಪಕರು ಒಟ್ಟಿಗೆ ಕೂತು ಓದಲಿ ಎಂದು ವಿಶ್ವವಿದ್ಯಾಲಯ ಮಾಡಿದ್ದ ಅಧ್ಯಯನ ಕೂಟ ಅದು. ಅವಳು ಇತಿಹಾಸದವಳು, ಎಲ್ಲರ ಬಾಯಲ್ಲಿ ಹಿಸ್ಟರಿ ಮೇಡಂ. ಅವನು ಸಿವಿಲ್ ವಿಭಾಗದಲ್ಲಿ ಮಣ್ಣಿನ ಪಾಠ ಮಾಡುವವನು, ಹಾಗಾಗಿ ಮಣ್ಣಿನ ಮೇಷ್ಟ್ರು. ಕೂಟಕ್ಕೆ ಕೊಟ್ಟಿದ್ದು ಹಳೇ ಕಟ್ಟಡದ ಕೊನೆಯ ಕೋಣೆ. ಅಲ್ಲಿ ಬೀರುವಿನ ಬಾಗಿಲು ಎಷ್ಟು ಸಲ ಮುಚ್ಚಿದರೂ ತಾನಾಗಿಯೇ ತೆರೆದುಕೊಳ್ಳುತ್ತಿತ್ತು.

ಅವನು ಗೋಡೆಯ ಬಿರುಕು ತೋರಿಸಿದ. ಅದಕ್ಕೆ ಅಡ್ಡಲಾಗಿ ಬೆರಳುದ್ದದ ಗಾಜಿನ ಪಟ್ಟಿ ಅಂಟಿಸಿತ್ತು.

"ಗೋಡೆ ಸರಿದ್ರೆ ಮೊದಲು ಈ ಗಾಜು ಒಡೆಯುತ್ತೆ. ಹೋದ ತಿಂಗಳು ಅಂಟಿಸಿದ್ದು ಒಡೆದುಹೋಯ್ತು. ಹಿಂದೆ ಇಲ್ಲಿ ಕೆರೆ ಇತ್ತಂತೆ, ಮಣ್ಣು ತುಂಬಿ ಕಟ್ಟಿದ್ದಾರೆ. ಕಟ್ಟಡ ಸೆಟಲ್ ಆಗ್ತಿದೆ."

"ಸೆಟಲ್ ಅಂದ್ರೆ?"

"ನಮ್ಮ ಸಿವಿಲ್ ಭಾಷೇಲಿ, ನೆಲಕ್ಕೆ ಇಳಿಯೋದು."

ಕೂಟದಲ್ಲಿ ಎಲ್ಲರಿಗಿಂತ ಹಿರಿಯಳಾದ ಅರ್ಥಶಾಸ್ತ್ರದ ಅಕ್ಕ ಕಿಸಕ್ಕನೆ ನಕ್ಕಳು. "ಸದ್ಯ, ಕಟ್ಟಡವಾದ್ರೂ ಸೆಟಲ್ ಆಗ್ತಿದೆಯಲ್ಲ. ನಮ್ಮ ಹಿಸ್ಟರಿ ಮೇಡಂ ಮದುವೆಯಾಗಿ ಸೆಟಲ್ ಆಗೋ ಲಕ್ಷಣವೇ ಇಲ್ಲ."

ಎಲ್ಲರೂ ನಕ್ಕರು, ಅವಳೊಬ್ಬಳನ್ನು ಬಿಟ್ಟು. ಗೋಡೆಯ ಆಚೆಗಿದ್ದದ್ದು ಅವಳದೇ ಕ್ವಾರ್ಟರ್ಸ್. ಅಲ್ಲಿ ಮಂಡಿನೋವಿನ ಅಪ್ಪ ಮಧ್ಯಾಹ್ನದ ನಿದ್ದೆಯಲ್ಲಿದ್ದರು.

ಅವಳ ಮುಖ ನೋಡಿ ಅವನ ದನಿ ಮೆತ್ತಗಾಯಿತು. "ಈಗಲೇ ಭಯ ಇಲ್ಲ ಮೇಡಂ. ನಾನು ನೋಡ್ತಾ ಇರ್ತೀನಿ. ಮನೆ ಬಿಡೋ ಹೊತ್ತು ಬಂದ್ರೆ ನಾನೇ ಹೇಳ್ತೀನಿ."

ಅವಳು ನಂಬಿದಳು. ಆ ನಂಬಿಕೆ ಮುಂದೆ ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ಆಗ ಯಾರಿಗೆ ತಾನೇ ಗೊತ್ತಿತ್ತು?

ಕೂಟ ನಡೆಯುತ್ತ ಹೋಯಿತು. ಅವಳು ಕೆರೆಯಿದ್ದ ಕಾಲದ ನಕ್ಷೆಗಳನ್ನು ಹುಡುಕಿ ತಂದಳು, ಅವನು ಅದರ ಮೇಲೆ ಬಿರುಕುಗಳನ್ನು ಗುರುತು ಹಾಕಿದ. ದೂರದ ಊರುಗಳು ಮುಳುಗುವ ಕಥೆ ಓದುತ್ತ ಇಬ್ಬರ ತಲೆಗಳೂ ಒಂದೇ ಹಾಳೆಯ ಮೇಲೆ ಬಾಗುತ್ತಿದ್ದವು. ಗಾಜುಗಳು ಒಡೆಯುತ್ತಲೇ ಇದ್ದವು. ಅವನು ಆಡಳಿತ ಕಚೇರಿಗೆ ಹೋಗಿ ಹೇಳಿದರೆ, 'ನೋಡೋಣ' ಎಂಬ ಒಂದೇ ಉತ್ತರ.

ಅವನು ಹೊಸ ಗಾಜು ಅಂಟಿಸುವಾಗ ಅವಳು ದೀಪ ಹಿಡಿದು ನಿಲ್ಲುತ್ತಿದ್ದಳು. ಬೀಳುವ ಗೋಡೆಯ ಪಕ್ಕದಲ್ಲಿ ನಿಂತು ಇಷ್ಟು ಖುಷಿಯಾಗುವುದು ಸರಿಯೇ... ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಅಪ್ಪನ ಕಣ್ಣಿಗೆ ಏನು ತಪ್ಪುತ್ತದೆ? "ಏನಮ್ಮ, ನಿಂದೂ ಆ ಮೇಷ್ಟ್ರದೂ ಸೆಟಲ್ ಆಗುತ್ತೋ ಇಲ್ಲವೋ? ನೀನು ಕೇಳ್ತೀಯೋ, ನಾನು ಕೇಳ್ಲೋ?"

ಮರುದಿನ ವರಾಂಡದಲ್ಲಿ ಅವಳು ಧೈರ್ಯ ಮಾಡಿದಳು.

"ಅಪ್ಪ ಕೇಳ್ತಿದ್ರು... ನಮ್ಮದು ಸೆಟಲ್ ಆಗುತ್ತಾ ಅಂತ."

ಅವನು ಆಗಷ್ಟೇ ಅವಳ ಮನೆಯ ಹೊರಗೋಡೆಯ ಅಳತೆ ಮುಗಿಸಿ ಬಂದಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ಅದನ್ನೇ ಹೇಳೋಣ ಅಂತ ಬರ್ತಿದ್ದೆ. ಸುತ್ತಿಬಳಸಿ ಹೇಳಲ್ಲ ಮೇಡಂ. ಇದು ಇನ್ನು ಉಳಿಯಲ್ಲ. ನೀವು ಬೇರೆ ಕಡೆ ನೋಡ್ಕೊಳ್ಳಿ. ತಡ ಮಾಡ್ಬೇಡಿ."

ಅವಳ ಕಿವಿ ಗುಂಯ್ ಎಂದಿತು. "ನಿಮಗೆ... ಮೊದಲೇ ಗೊತ್ತಿತ್ತಾ?"

"ಮೊದಲ ದಿನದಿಂದಲೂ ಅನುಮಾನ ಇತ್ತು. ನಿಮ್ಮ ತಂದೆಗೆ ನಾನೇ ಬಂದು ಹೇಳ್ಲಾ?"

"ಬೇಡ. ನಾನೇ ಹೇಳ್ತೀನಿ."

ಅವನು ಮನೆಯ ಮಾತಾಡಿದ್ದ, ಅವಳು ಮನಸ್ಸಿನ ಮಾತು ಕೇಳಿಸಿಕೊಂಡಿದ್ದಳು. ಎಷ್ಟು ಓದಿದರೇನು, ಇಬ್ಬರಲ್ಲಿ ಒಬ್ಬರಿಗಾದರೂ 'ಏನಂದ್ರಿ?' ಎಂದು ತಿರುಗಿ ಕೇಳಲು ಹೊಳೆಯಬಾರದೇ?

ಅವಳು ಅಪ್ಪನಿಗೆ ಏನೂ ಹೇಳಲಿಲ್ಲ. ಕೂಟಕ್ಕೆ ಹೋಗುವುದನ್ನು ಬಿಟ್ಟಳು. ದಿಂಬಿಗೆ ಮುಖ ಒತ್ತಿ ಅತ್ತಳು.

ಅಷ್ಟರಲ್ಲಿ ಮನೆಯೊಳಗೆ ಏನೇನೋ ಆಗತೊಡಗಿತು. ಒಲೆಯ ಮೇಲಿಟ್ಟ ಹಾಲು ಪಾತ್ರೆಯ ಒಂದು ಬದಿಗೇ ತುಂಬಿ ನಿಲ್ಲುತ್ತಿತ್ತು. ಮುಂಬಾಗಿಲು ನೆಲ ಕೆರೆಯುತ್ತಿತ್ತು. ಗೋಡೆಯೊಳಗಿಂದ ಯಾರೋ ಹಲ್ಲು ಕಡಿದಂತೆ ಸದ್ದು.

'ಅಪಾಯ ಇದ್ದಿದ್ರೆ ಹೇಳ್ತಿದ್ದ. ನಾನು ಬೇಡವಾದ್ರೂ, ಅಷ್ಟು ಕಟುಕನಲ್ಲ ಅವನು...' ಎಂದುಕೊಂಡು ಅವಳು ಬಾಗಿಲನ್ನು ಒದ್ದು ಮುಚ್ಚುತ್ತಿದ್ದಳು.

ಆಚೆ ಅವನಿಗೂ ನೆಮ್ಮದಿಯಿಲ್ಲ. ಹಗ್ಗದ ಮೇಲೆ ಅವರ ಬಟ್ಟೆಗಳು ಇನ್ನೂ ಒಣಗುತ್ತಿವೆ. ಯಾಕೆ ಹೋಗಲಿಲ್ಲ? ಕೂಟಕ್ಕೂ ಬರುತ್ತಿಲ್ಲ. ನನ್ನ ಮುಖ ನೋಡಲೂ ಇಷ್ಟವಿಲ್ಲದಷ್ಟು ಕೋಪವೇ?

ಒಂದು ಮಧ್ಯಾಹ್ನ ಗೋಡೆಯ ಗಾಜುಗಳೆಲ್ಲ ಒಟ್ಟಿಗೆ ಒಡೆದವು.

ಅವನು ಓಡಿಬಂದು ಬಾಗಿಲು ಬಡಿದ. ಒಳಗಿಂದ ಅವಳು ಚಿಲಕ ತೆಗೆದು ಎಳೆದಳು. ಬಾಗಿಲು ಕದಲಲಿಲ್ಲ. ಚೌಕಟ್ಟು ಸೊಟ್ಟಗಾಗಿ ಅದನ್ನು ಕಚ್ಚಿ ಹಿಡಿದಿತ್ತು.

"ಇನ್ನೂ ಯಾಕೆ ಇಲ್ಲೇ ಇದ್ದೀರಿ? ಬೇರೆ ಕಡೆ ನೋಡ್ಕೊಳ್ಳಿ ಅಂದಿರ್ಲಿಲ್ವಾ?" ಅವನು ಅಂಗಳದಲ್ಲಿದ್ದ ಹಾರೆ ತಂದು ಸಂದಿಗೆ ತೂರಿಸುತ್ತ ಕೂಗಿದ.

"ಅದನ್ನ ನೆನಪಿಸೋಕೆ ಬಂದ್ರಾ? ನನಗೆ ಬೇರೆ ಯಾರೂ ಬೇಡ. ಬಲವಂತ ಮಾಡೋಕೆ ನೀವ್ಯಾರು?"

ಹಾರೆ ನಿಂತಿತು.

"ಯಾರೂ... ಅಂದ್ರೆ? ನಾನು ಮನೆ ನೋಡ್ಕೊಳ್ಳಿ ಅಂದೆ ಮೇಡಂ. ಬೇರೆ ಮನೆ."

ಗೋಡೆಯೊಳಗೆ ಕಲ್ಲೊಂದು ಜಾರಿತು. ಸೂರಿನಿಂದ ಮಣ್ಣು ಉದುರಿತು.

"ನಾನು ಮನೆ ವಿಷಯ ಕೇಳಿರ್ಲಿಲ್ಲ," ಎಂದಳು ಅವಳು.

ಅವನಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ತನ್ನ ಮಾತೇ ಇವರಿಬ್ಬರನ್ನು ಈ ಗೋಡೆಯಡಿ ಕೂರಿಸಿತ್ತು. ಇದ್ದ ಬಲವನ್ನೆಲ್ಲ ಹಾರೆಯ ಮೇಲೆ ಹಾಕಿದ. ಬಾಗಿಲು ಸೀಳಿಕೊಂಡು ಬಂತು. ಅವನು ಅಪ್ಪನನ್ನು ಬೆನ್ನ ಮೇಲೆ ಹಾಕಿಕೊಂಡ, ಅವಳು ಅವನ ಅಂಗಿ ಹಿಡಿದು ಓಡಿದಳು.

ಅವರು ಅಂಗಳ ದಾಟಿದ ಮೇಲೆ ಮನೆಯ ಆ ಮೂಲೆ ಸದ್ದಿಲ್ಲದೆ ಒಳಕ್ಕೆ ಕೂತಿತು. ಸದ್ದು, ಧೂಳು ಎಲ್ಲ ಆಮೇಲೆ ಬಂದವು.

ಅಪ್ಪ ಕೆಮ್ಮುತ್ತ ಮರದ ಬುಡದಲ್ಲಿ ಕೂತರು. "ಇಬ್ಬರೂ ಪಾಠ ಹೇಳೋರು ಬೇರೆ," ಎಂದು ಗೊಣಗಿ ಅತ್ತ ತಿರುಗಿದರು.

ಅವನ ಅಂಗೈ ಸುಲಿದಿತ್ತು. ಅವಳು ಸೆರಗಿನಲ್ಲಿ ರಕ್ತ ಒರೆಸಿದಳು. ಇಬ್ಬರ ಕಣ್ಣಲ್ಲೂ ನೀರು, ಇಬ್ಬರೂ ತಪ್ಪನ್ನು ಧೂಳಿನ ಮೇಲೆ ಹಾಕಿದರು.

"ನನಗೂ ನೀವು ಬೇಕು," ಎಂದ ಅವನು. "ಇವತ್ತು ನಿಮಗೇನಾದ್ರೂ ಆಗಿದ್ರೆ..."

"ಆಗಿಲ್ಲವಲ್ಲ. ಈಗ ಅಪ್ಪನಿಗೆ ಮಲಗೋಕೆ ಒಂದು ಜಾಗ ನೋಡಿ."

"ನನ್ನ ಮನೇಲಿ ಎರಡು ಕೋಣೆ ಇದೆ. ಒಂದು ಅವರಿಗೆ."

"ಇನ್ನೊಂದು?"

ಅವನ ಕಿವಿ ಕೆಂಪಾಯಿತು. "ಅದರ ತುಂಬ ಮಣ್ಣಿನ ಡಬ್ಬಿಗಳು... ಎಲ್ಲಾ ತೆಗೆದುಬಿಡ್ತೀನಿ."

"ತೆಗೀಬೇಡಿ," ಎಂದಳು ಅವಳು, ಅವನ ಕೈ ಬಿಡದೆ. "ಸ್ವಲ್ಪ ಪಕ್ಕಕ್ಕೆ ಸರಿಸಿ, ಸಾಕು."