ಉದಯಕುಮಾರನ ರಿಪೋರ್ಟ್

“ಗುಳಿಗಿ ನುಂಗಿಲ್ಲಂದ್ರ ನುಂಗಿಲ್ಲ ಅನ್ರಿ. ಸುಳ್ಳು ಯಾಕ ಹೇಳ್ತೀರಿ?” ದ್ರಾಕ್ಷಾಯಣಿ ಫೋನಿನಲ್ಲಿ ಸಿಡುಕಿದಳು.

ಉದಯಕುಮಾರ “ನೀವೂ ಹಂಗ ಅಂದ್ರಿ,” ಎಂದು ಫೋನಿಟ್ಟ.

ಅವನದು ಮುಂಡಗೋಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಟಿಬೆಟನ್ ಕಾಲೊನಿಯ ಲಾಮಾಗಳೇ ಹೆಚ್ಚಿನ ಗಿರಾಕಿಗಳು. ಮೈಯಲ್ಲಿ ತಾಮ್ರ ಸೇರಿಕೊಳ್ಳುವ ಕಾಯಿಲೆಯಿಂದ ಅವನ ಕೈ ನಡುಗತೊಡಗಿದಾಗ ಡಾಕ್ಟರು ತಾಮ್ರವನ್ನು ಹೊರಹಾಕುವ ಪೆನಿಸಿಲಮೈನ್ ಗುಳಿಗೆ ಕೊಟ್ಟಿದ್ದರು. ರಕ್ತದಲ್ಲಿ ಆ ಔಷಧ ಎಷ್ಟಿದೆಯೆಂದು ಅಳೆಯುವವಳು ದಾಂಡೇಲಿಯ ಲ್ಯಾಬಿನ ದ್ರಾಕ್ಷಾಯಣಿ.

ಮೊದಲ ಸಲ ಅವನೇ ಬಂದಿದ್ದ. ಸೂಜಿ ಕಂಡು ಕಣ್ಣು ಮುಚ್ಚಿದವನು, ಒಂದೇ ಕಣ್ಣು ತೆರೆದು, “ಮುಗೀತೇನ್ರಿ?” ಎಂದಿದ್ದ. ಅವಳು ನಕ್ಕಿದ್ದಳು. ಅಂದಿನಿಂದ ಮೆಸೇಜು ತಪ್ಪಿದ ದಿನವಿರಲಿಲ್ಲ.

ಎರಡನೆಯ ಸಲ ಮುಂಡಗೋಡಿನಲ್ಲೇ ತೆಗೆದ ರಕ್ತ ಮಾತ್ರ ಬಸ್ಸಿನಲ್ಲಿ ಬಂತು. ರಕ್ತದ ತಿಳಿಭಾಗವಾದ ಪ್ಲಾಸ್ಮಾದಲ್ಲಿರುವುದನ್ನೆಲ್ಲ ಬಿಡಿಸಿ ತೋರಿಸುವ ಯಂತ್ರದಲ್ಲಿ ಔಷಧದ ಗೆರೆ ಏಳಲೇ ಇಲ್ಲ. ಸೊನ್ನೆ ಎಂದು ಬರೆದು ಸಹಿ ಹಾಕಿದಳು.

ಫೋನಿನಲ್ಲಿ ಸಿಡುಕಿದ್ದೂ ಅಂದೇ. ಆಮೇಲೆ ಮೆಸೇಜುಗಳು ನಿಂತವು. ಹತ್ತು ದಿನ ಅವಳಿಗೆ ಅನ್ನ ಸೇರಲಿಲ್ಲ. ಹನ್ನೊಂದನೆಯ ದಿನ ಶುದ್ಧ ಪ್ಲಾಸ್ಮಾಕ್ಕೆ ತಾನೇ ಔಷಧ ಬೆರೆಸಿ ಮೇಜಿನ ಮೇಲೆ ಬಿಟ್ಟಳು. ಬಸ್ಸು ಬರುವಷ್ಟು ಹೊತ್ತು, ಮೂರು ತಾಸಿನ ಬಳಿಕ ಅದೂ ಸೊನ್ನೆ! ಔಷಧದಲ್ಲಿದ್ದ ಗಂಧಕ ಗಾಳಿ ತಾಗಿ ರೂಪ ಬದಲಿಸಿತ್ತು. ರಕ್ತ ತೆಗೆದ ಕೂಡಲೇ ಪ್ಲಾಸ್ಮಾ ಬೇರ್ಪಡಿಸಿ, ಆಮ್ಲ ಬೆರೆಸಿ ಐಸ್‌ನಲ್ಲಿಡಬೇಕಿತ್ತು. ಹಾಗೆಂದು ರಕ್ತ ತೆಗೆದವರಿಗೆ ಅವಳು ಹೇಳಿಯೇ ಇರಲಿಲ್ಲ.

ಮರುದಿನವೇ ಮುಂಡಗೋಡಿಗೆ ಹೋದಳು. ಅಂಗಡಿ ಮುಚ್ಚಿತ್ತು. ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಉದಯಕುಮಾರನ ಕೈಯಲ್ಲಿ ಚಹಾ ತುಳುಕುತ್ತಿತ್ತು.

“ತಪ್ಪು ನಂದು. ನೀವು ಖರೇನ ಹೇಳಿದ್ರಿ.”

“ಆವಾಗ ಖರೇ ಇತ್ತು. ನಿಮ್ಮ ಫೋನ್ ಬಂದ ದಿನದಿಂದ ಬಿಟ್ಟೇನಿ. ನುಂಗಿದ್ರೂ ನಂಬಂಗಿಲ್ಲ ಅಂದ್ಮ್ಯಾಲ ಯಾಕ ನುಂಗಬೇಕು?”

ಅವಳು ಚಹಾದ ಲೋಟ ತೆಗೆದು ಕೆಳಗಿಟ್ಟಳು. “ಏಳ್ರಿ. ಡಾಕ್ಟರ ಕಡೆ ಹೋಗೂಣು.”

ಡಾಕ್ಟರ ಎದುರು ಅವಳೇ ಎಲ್ಲವನ್ನೂ ಒಪ್ಪಿಕೊಂಡಳು. ಅವರು ಗದರಿದರು, ನಡುವೆ ಬಿಟ್ಟ ಔಷಧವನ್ನು ಸ್ವಲ್ಪಸ್ವಲ್ಪವಾಗಿಯೇ ಶುರುಮಾಡಬೇಕು, ನಡುಕ ಪೂರ್ತಿ ಹೋಗುತ್ತದೆಂದು ಹೇಳಲಾಗದು ಎಂದರು.

ಹೊರಗೆ ಬೆಂಚಿನ ಮೇಲೆ ಅವನು ತನ್ನ ಕೈಯನ್ನೇ ನೋಡುತ್ತ ಕುಳಿತ. “ಹೋಗ್ಲಿಲ್ಲಂದ್ರ?”

ದ್ರಾಕ್ಷಾಯಣಿ ಆ ಕೈ ಹಿಡಿದಳು. ಅವಳ ಕೈಯೂ ಅದರ ಜೊತೆ ಅಲುಗತೊಡಗಿತು.

“ಮತ್ತ ರಕ್ತ ತಗೀತೀರೇನು?” ಎಂದ.

“ಅದಕ್ಕ ಹಿಡಿದಿಲ್ಲ,” ಎಂದಳು. ಬಿಡಲಿಲ್ಲ.